ಏಡಿ ಸತ್ತಿಲ್ಲ ಅಂದ ಮಾತ್ರಕ್ಕೆ ಗದ್ದೆ ನೀರು ಚೆನ್ನಾಗಿದೆ ಅಂತಲ್ಲ

ಅಗೆಮಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಗದ್ದೆ ಇದೆ, ಮೇಲೆ ಸ್ವಲ್ಪ ಅಡಿಕೆ ತೋಟ. ಗದ್ದೆ ಏಡಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಇದೆ. ಅಂಚಿನ ಬಿಲಗಳಲ್ಲಿ ಮುಕ್ಕಾಲು ಪಾಲು ಖಾಲಿ. ಔಷಧಿ ಹೊಡೆದ ಮರುದಿನ ನೋಡಿದರೆ ಸತ್ತ ಏಡಿ ಕಾಣುವುದಿಲ್ಲ. ಅದಕ್ಕೇ ಊರಲ್ಲಿ ಎಲ್ಲರೂ "ಔಷಧಿಯಿಂದ ಆಗಿದ್ದರೆ ಸತ್ತು ತೇಲುತ್ತಿತ್ತು, ಬಿಡಿ" ಅಂತಾರೆ. ಆದರೆ ಬದುಕಿರುವ ಏಡಿಗಳೂ ಮೊದಲಿನ ಹಾಗಿಲ್ಲ. ಕೈ ಹತ್ತಿರ ತಂದರೂ ಕೊಂಬು ಎತ್ತುವುದಿಲ್ಲ. ಹಗಲಲ್ಲೇ ನೀರಿಂದ ಹೊರಗೆ ಬಂದು ಸುಮ್ನೆ ಕೂತಿರುತ್ತವೆ. ಸಾಯದಷ್ಟು ಸಣ್ಣ ಪ್ರಮಾಣದ ವಿಷ ಅವುಗಳ ಮೈಯೊಳಗೆ ಏನು ಮಾಡುತ್ತದೆ? ಹೊರದೇಶಗಳಲ್ಲಿ ಕ್ರೇಫಿಶ್ (ದೊಡ್ಡ ಸಿಗಡಿಯಂಥ ಸಿಹಿನೀರಿನ ಜೀವಿ) ಮೇಲೆ ಈ ಬಗ್ಗೆ ತುಂಬ ಕೆಲಸ ಆಗಿದೆ ಅಂತ ಕೇಳಿದ್ದೇನೆ. ಅದು ನಮ್ಮ ಏಡಿಗೂ ಅನ್ವಯಿಸುತ್ತದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳ್ಳದಂಚು:
ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವನು. ನನ್ನ ಕೆಲಸವೂ ಹೆಚ್ಚಾಗಿ ಸಿಹಿನೀರಿನ ಚಿಪ್ಪುಜೀವಿಗಳ ಮೇಲೇ. ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ರೇಫಿಶ್ ನಮ್ಮ ಹೊಳೆಗಳಲ್ಲಿ ಸಹಜವಾಗಿ ಇಲ್ಲ. ಆದರೆ ಅದು, ಸಿಗಡಿ, ಏಡಿ ಮೂರೂ ಹತ್ತು ಕಾಲಿನ ಒಂದೇ ಗುಂಪಿನವು. ಮೈಯೊಳಗಿನ ರಸಾಯನದ ವ್ಯವಸ್ಥೆ ಬಹುತೇಕ ಒಂದೇ. ಕ್ರೇಫಿಶ್‌ನಲ್ಲಿ ಕಂಡದ್ದನ್ನು ಏಡಿಗೆ ಕಣ್ಣು ಮುಚ್ಚಿ ಅನ್ವಯಿಸಬಾರದು, ಸರಿ. ಆದರೆ ಎಲ್ಲಿ ಹುಡುಕಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಮೊದಲು ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಆರ್ಗನೊಫಾಸ್ಫೇಟ್ ಔಷಧಿಗಳು. ನರದ ಕೊನೆಯಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ವಸ್ತು ಸಂದೇಶ ದಾಟಿಸುತ್ತದೆ. ದಾಟಿಸಿದ ತಕ್ಷಣ ಅದು ಒಡೆಯಬೇಕು. ಒಡೆಯುವ ಕೆಲಸ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅನ್ನುವ ಕಿಣ್ವದ್ದು. ಆರ್ಗನೊಫಾಸ್ಫೇಟ್ ಹೋಗಿ ಆ ಕಿಣ್ವದ ಕೆಲಸದ ಜಾಗದಲ್ಲೇ ಅಂಟಿಕೊಳ್ಳುತ್ತದೆ. ಕಾರ್ಬೊಫ್ಯುರಾನ್‌ನಂಥ ಕಾರ್ಬಮೇಟ್ ಆದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಆರ್ಗನೊಫಾಸ್ಫೇಟ್ ಹೊತ್ತು ಕಳೆದಂತೆ ಬಿಗಿಯಾಗುತ್ತದೆ. ಆಮೇಲೆ ಹೊಸ ಕಿಣ್ವ ತಯಾರಾಗದೆ ಬೇರೆ ದಾರಿ ಇಲ್ಲ, ಅದಕ್ಕೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ನೀವು ಎರಡನೇ ಸಲ ಹೊಡೆದಿರುತ್ತೀರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಸ್ನಾಯುವಿಗೆ ಆಜ್ಞೆ ಕೊಡುವುದು ಅಸಿಟೈಲ್‌ಕೋಲಿನ್. ಏಡಿ, ಕ್ರೇಫಿಶ್‌ಗಳಲ್ಲಿ ಆ ಕೆಲಸ ಮುಖ್ಯವಾಗಿ ಗ್ಲುಟಮೇಟ್ ಮಾಡುತ್ತದೆ. ಅಸಿಟೈಲ್‌ಕೋಲಿನ್ ಇರುವುದು ಮುಟ್ಟಿದ್ದು, ಅಲುಗಿದ್ದು, ವಾಸನೆ ಬಂದಿದ್ದನ್ನು ತಿಳಿಸುವ ನರಗಳಲ್ಲಿ ಮತ್ತು ನರಗಂಟುಗಳಲ್ಲಿ. ಹಾಗಾಗಿ ಸಣ್ಣ ಪ್ರಮಾಣದಲ್ಲಿ ಏಡಿ ಸೆಟೆದು ಬೀಳದೆ ಇರಬಹುದು. ಆದರೆ ಹೊರಗಿನ ಸುದ್ದಿ ಒಳಗೆ ಸರಿಯಾಗಿ ತಲುಪುವುದಿಲ್ಲ. ಕೈ ಹತ್ತಿರ ಬಂದರೂ ಕೊಂಬು ಎತ್ತುವುದಿಲ್ಲ ಅಂದಿರಲ್ಲ, ಅದಕ್ಕೆ ಇದೊಂದು ಕಾರಣ ಆಗಿರಬಹುದು. ಇದೇ ಅಂತ ಹೇಳಬೇಕಾದರೆ ಅಳೆದು ನೋಡಬೇಕು.

ಎರಡನೆಯದು ಶಕ್ತಿಯ ಲೆಕ್ಕ. ಇದು ನಮ್ಮ ಏಡಿಯಲ್ಲೇ ಅಳೆದ ವಿಷಯ. 1980ರ ದಶಕದಲ್ಲಿ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದವರು ಭತ್ತದ ಗದ್ದೆಯ ಏಡಿ, ಅಂದರೆ ಓಜಿಯೊಟೆಲ್ಫೂಸಾ ಸೆನೆಕ್ಸ್ ಸೆನೆಕ್ಸ್, ಅದನ್ನು ಸಾಯದಷ್ಟು ಸುಮಿಥಿಯಾನ್ ಇರುವ ನೀರಲ್ಲಿ ಇಟ್ಟು ನೋಡಿದರು. ಸುಮಿಥಿಯಾನ್ ಅಂದರೆ ಫೆನಿಟ್ರೋಥಿಯಾನ್, ಇದೂ ಆರ್ಗನೊಫಾಸ್ಫೇಟ್. ರಕ್ತದಲ್ಲಿ ಸಕ್ಕರೆ ಏರಿತು. ಗ್ಲೈಕೋಜನ್, ಅಂದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಇಳಿಯಿತು. ಲ್ಯಾಕ್ಟಿಕ್ ಆಮ್ಲ ಜಾಸ್ತಿ ಆಯಿತು. ಏಡಿಯ ಕಣ್ಣಿನ ಕಡ್ಡಿಯಲ್ಲಿ ಸಕ್ಕರೆ ಏರಿಸುವ ಹಾರ್ಮೋನು ಇರುತ್ತದೆ. ಮೈಗೆ ಕಷ್ಟ ಬಂದಾಗ ಅದು ಹೊರಬಂದು ಗ್ಲೈಕೋಜನ್ ಕರಗಿಸುತ್ತದೆ. ಆಸ್ಪತ್ರೆ ಖರ್ಚಿಗೆ ಪಣತದಲ್ಲಿ (ಕಣಜ) ಕೂಡಿಟ್ಟ ಭತ್ತ ಮಾರಿದ ಹಾಗೆ. ಜೀವ ಉಳಿಯಿತು, ಆದರೆ ಮಳೆಗಾಲ ಕಳೆಯುವುದಕ್ಕೆ ಕೂಡಿಟ್ಟದ್ದು ಖಾಲಿ. ಏಡಿಗೆ ಆ ಗ್ಲೈಕೋಜನ್ ಹೊಸ ಚಿಪ್ಪಿಗೂ ಬೇಕು. ಚಿಪ್ಪು ಕಟ್ಟುವ ಕೈಟಿನ್ ಅನ್ನುವ ವಸ್ತು ತಯಾರಾಗುವುದು ಸಕ್ಕರೆಯಿಂದಲೇ.

ಅಂಗಡಿಮನೆ:
ನಾನು ಗೊಬ್ಬರ, ಔಷಧಿ ಅಂಗಡಿ ಇಟ್ಟವನು. ಕೃಷಿ ಡಿಪ್ಲೊಮಾ ಓದಿದ್ದೇನೆ. ಚರ್ಚೆ ಚೆನ್ನಾಗಿದೆ. ಆದರೆ ರೈತರ ಕಡೆಯ ಮಾತನ್ನೂ ಹೇಳಬೇಕು. ಹಳೆಯ ಕೆಟ್ಟ ಔಷಧಿಗಳೆಲ್ಲ ಒಂದೊಂದಾಗಿ ನಿಂತವು. ಫೋರೇಟ್ 2020ರ ಕೊನೆಗೆ ಬಂದ್ ಆಯಿತು. ಮೊನೊಕ್ರೊಟೊಫಾಸ್ 36% ಅನ್ನೂ 2023ರಲ್ಲಿ ನಿಷೇಧ ಮಾಡಿದರು. ಈಗ ಬರುವ ಔಷಧಿ ಎಕರೆಗೆ ಕೆಲವು ಗ್ರಾಂ ಮಾತ್ರ. ಮಣ್ಣಿಗೆ ಬಿದ್ದರೆ ಅಂಟಿಕೊಂಡು ಬಿಡುತ್ತದೆ, ಬಿಸಿಲಿಗೆ ಒಡೆಯುತ್ತದೆ. ಲೇಬಲ್ ಡೋಸ್‌ನಲ್ಲಿ ಹೊಡೆದರೆ ಇಷ್ಟೆಲ್ಲ ಆಗುತ್ತದಾ? ಮತ್ತೊಂದು ವಿಷಯ. ಏಡಿ ಅಂಚು ತೂತು ಮಾಡುತ್ತದೆ, ನೀರು ಸೋರುತ್ತದೆ. ಎಳೆ ಸಸಿ ಕತ್ತರಿಸುತ್ತದೆ. "ಏಡಿಗೆ ಏನಾದರೂ ಕೊಡಿ" ಅಂತ ಕೇಳಿಕೊಂಡು ಬರುವವರೂ ಇದ್ದಾರೆ.

ಹಳ್ಳದಂಚು:
ಅಂಗಡಿಮನೆ ಅಣ್ಣ, ನೀವು ಬಂದಿದ್ದು ಒಳ್ಳೆಯದಾಯಿತು. "ಕೆಲವು ಗ್ರಾಂ ಮಾತ್ರ" ಅನ್ನುವುದನ್ನೇ ಲೆಕ್ಕ ಹಾಕೋಣ.

1 ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಗದ್ದೆಯಲ್ಲಿ 5 ಸೆಂಟಿಮೀಟರ್ ನೀರು ನಿಂತಿದ್ದರೆ ಸುಮಾರು 2 ಲಕ್ಷ ಲೀಟರ್ ಆಯಿತು. ಲ್ಯಾಂಬ್ಡಾ ಸೈಹಲೋಥ್ರಿನ್ 5% ಅನ್ನುವ ಕೀಟನಾಶಕ ಎಕರೆಗೆ 100 ಮಿಲಿ ಹೊಡೆಯುತ್ತೀರಿ. ಅದರಲ್ಲಿ ನಿಜವಾದ ವಿಷ 5 ಗ್ರಾಂ. ಅಷ್ಟೂ ನೀರಿಗೆ ಬಿದ್ದರೆ ಲೀಟರಿಗೆ 25 ಮೈಕ್ರೊಗ್ರಾಂ. ಹಾಗೆ ಪೂರ್ತಿ ಬೀಳುವುದಿಲ್ಲ, ಒಪ್ಪಿದೆ. ಎಲೆ ಹಿಡಿಯುತ್ತದೆ, ಕೆಸರು ಹಿಡಿಯುತ್ತದೆ. ನೂರರಲ್ಲಿ ಒಂದು ಪಾಲು ಮಾತ್ರ ನೀರಲ್ಲಿ ಉಳಿಯಿತು ಅಂದುಕೊಳ್ಳಿ. ಆಗಲೂ ಲೀಟರಿಗೆ 0.25 ಮೈಕ್ರೊಗ್ರಾಂ.

ಈಗ ಇನ್ನೊಂದು ಅಂಕಿ ನೋಡಿ. ಅಮೆರಿಕದಲ್ಲಿ ಭತ್ತದ ಜೊತೆ ಬೆಳೆಸುವ ಕೆಂಪು ಕ್ರೇಫಿಶ್ ಮೇಲೆ ಮಾಡಿದ ಒಂದು ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. 96 ಗಂಟೆಯಲ್ಲಿ ಅರ್ಧದಷ್ಟು ಕ್ರೇಫಿಶ್ ಸಾಯಲು ಬೇಕಾದ ಲ್ಯಾಂಬ್ಡಾ ಸೈಹಲೋಥ್ರಿನ್ ಲೀಟರಿಗೆ 0.16 ಮೈಕ್ರೊಗ್ರಾಂ. ಅದೇ ಪರೀಕ್ಷೆಯಲ್ಲಿ ಬೇರೆ ಗುಂಪಿನ ಕೀಟನಾಶಕಗಳಾದ ಕ್ಲೋಥಿಯಾನಿಡಿನ್‌ಗೆ 59, ಥಯಾಮಿಥಾಕ್ಸಾಮ್‌ಗೆ 967 ಮೈಕ್ರೊಗ್ರಾಂ. ಔಷಧಿಯಿಂದ ಔಷಧಿಗೆ ಎಷ್ಟು ವ್ಯತ್ಯಾಸ ಇದೆ ನೋಡಿ. ಎಕರೆಗೆ ಎಷ್ಟು ಗ್ರಾಂ ಅನ್ನುವುದು ಏಡಿಯ ಲೆಕ್ಕದಲ್ಲಿ ಏನನ್ನೂ ಹೇಳುವುದಿಲ್ಲ. ಲ್ಯಾಂಬ್ಡಾ ಸೈಹಲೋಥ್ರಿನ್, ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಗಳು ನಮಗೆ, ಹಸುವಿಗೆ ಹೋಲಿಸಿದರೆ ಕಡಿಮೆ ಅಪಾಯದವು. ಚಿಪ್ಪುಜೀವಿಗಳಿಗೆ ಅವೇ ಅತಿ ಕ್ರೂರ. ನರದ ಸೋಡಿಯಂ ಬಾಗಿಲು ಮುಚ್ಚದಂತೆ ಹಿಡಿದುಬಿಡುತ್ತವೆ. ಕೆಸರಿಗೆ ಅಂಟಿಕೊಳ್ಳುತ್ತದೆ ಅಂದಿರಿ. ಏಡಿ ತಿನ್ನುವುದು ಕೆಸರಿನಲ್ಲಿರುವ ಕೊಳೆತ ಎಲೆಯನ್ನೇ, ಅಲ್ವಾ.

ಅಂಚು ತೂತು ಮಾಡುವ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ಅದು ನಿಜವಾದ ತೊಂದರೆ. ಆದರೆ ಅನ್ನದಲ್ಲಿ ಹರಳು ಔಷಧಿ ಕಲಸಿ ಬಿಲಕ್ಕೆ ಹಾಕುವುದನ್ನು ದಯವಿಟ್ಟು ಯಾರಿಗೂ ಹೇಳಿಕೊಡಬೇಡಿ. ಆ ಏಡಿಯನ್ನು ಕೊಕ್ಕರೆ ತಿನ್ನುತ್ತದೆ, ನೀರುನಾಯಿ ತಿನ್ನುತ್ತದೆ, ಕೆಲವು ಕಡೆ ಮಕ್ಕಳೂ ಹಿಡಿದು ಸುಟ್ಟು ತಿನ್ನುತ್ತಾರೆ.

ಬ್ಯಾಟನ್‌ರೂಜ್ ಕನ್ನಡಿಗ:
ನಾನಿರುವ ಲೂಸಿಯಾನಾದಲ್ಲಿ ಇದೇ ಕಥೆ ಕೋರ್ಟ್ ಮೆಟ್ಟಿಲು ಹತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿನ ರೈತರು ಭತ್ತ ಕೊಯ್ದ ಗದ್ದೆಗೆ ಮತ್ತೆ ನೀರು ಬಿಟ್ಟು ಕ್ರೇಫಿಶ್ ಬೆಳೆಸುತ್ತಾರೆ. ಕೂಳೆಯೇ ಅದಕ್ಕೆ ಮೇವು. 1999ರ ಹಂಗಾಮಿನಲ್ಲಿ ಐಕಾನ್ ಅನ್ನುವ ಹೆಸರಲ್ಲಿ ಫಿಪ್ರೋನಿಲ್ ಅನ್ನುವ ಕೀಟನಾಶಕ ಲೇಪಿಸಿದ ಬಿತ್ತನೆ ಭತ್ತ ಬಂತು. ಬೇರು ತಿನ್ನುವ ಮೂತಿಹುಳುವಿಗೆ ಅದು. ಆಮೇಲೆ ಕ್ರೇಫಿಶ್ ಕೊಳಗಳಲ್ಲಿ ಬಲೆಗೆ ಏನೂ ಸಿಗದ ಹಾಗಾಯಿತು. ರೈತರು ಒಟ್ಟಾಗಿ ದಾವೆ ಹಾಕಿದರು. 2004ರಲ್ಲಿ 4.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದ ಆಯಿತು. ಆ ಉತ್ಪನ್ನವೂ ಭತ್ತದಿಂದ ಹೊರಗೆ ಹೋಯಿತು.

ಫಿಪ್ರೋನಿಲ್ ಬಿಸಿಲಿಗೆ ಒಡೆಯುತ್ತದೆ ನಿಜ. ಆದರೆ ಒಡೆದು ಹುಟ್ಟುವ ವಸ್ತುಗಳೂ ವಿಷವೇ. ಕೆಸರಲ್ಲಿ ಮೂಲ ಔಷಧಿಗಿಂತ ಹೆಚ್ಚು ಕಾಲ ಉಳಿಯುತ್ತವೆ. "ಒಡೆಯುತ್ತದೆ" ಅಂದ ಕೂಡಲೇ ಸಮಾಧಾನ ಪಡಬೇಡಿ, ಒಡೆದು ಏನಾಗುತ್ತದೆ ಅಂತ ಕೇಳಿ.

ಇಲ್ಲಿ ಕ್ರೇಫಿಶ್‌ಗೆ ಮಾರುಕಟ್ಟೆ ಇತ್ತು, ಬೆಳೆದವರಿಗೆ ಲೆಕ್ಕ ಇತ್ತು. ಆದ್ದರಿಂದ ನಷ್ಟ ಕಣ್ಣಿಗೆ ಕಂಡಿತು. ನಮ್ಮ ಮಲೆನಾಡಿನ ಏಡಿಗೆ ಯಾರು ಲೆಕ್ಕ ಇಡುತ್ತಾರೆ? ನಾನು ಹುಟ್ಟಿದ್ದು ಕೊಪ್ಪದ ಹತ್ತಿರ. ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಗೆಮಡಿ:
ಫಿಪ್ರೋನಿಲ್ ಹರಳು ನಾವೂ ಕಾಂಡಕೊರಕಕ್ಕೆ ಹಾಕುತ್ತೇವೆ. ಆದರೆ ಜಾಸ್ತಿ ಹೊಡೆಯುವುದು ಎರಡು ಸೇರಿದ ಔಷಧಿ. ಕ್ಲೋರ್‌ಪೈರಿಫಾಸ್ 50% ಮತ್ತು ಸೈಪರ್‌ಮೆಥ್ರಿನ್ 5%, ಒಂದೇ ಬಾಟಲಿಯಲ್ಲಿ. ಅದರ ಜೊತೆಗೇ ಬೆಂಕಿ ರೋಗದ ಔಷಧಿಯನ್ನೂ ಅದೇ ಡ್ರಮ್ಮಿಗೆ ಬೆರೆಸುತ್ತೇವೆ. ಆಳಿನ ಕೂಲಿ ಉಳಿಯಲಿ ಅಂತ. ಬೆರೆಸಿದರೆ ಏಡಿಗೆ ಬೇರೆ ಪರಿಣಾಮ ಇದೆಯಾ?

ಹಳ್ಳದಂಚು:
ಇದೆ. ಇದು ನನಗೆ ಬಹಳ ಮುಖ್ಯ ಅನ್ನಿಸುವ ಭಾಗ.

ಏಡಿಯ ಹೊಟ್ಟೆಯಲ್ಲಿ ಹಳದಿ ಭಾಗ ಇರುತ್ತದಲ್ಲ, ಹೆಪಟೋಪ್ಯಾಂಕ್ರಿಯಾಸ್ ಅಂತಾರೆ. ಯಕೃತ್ತು, ಮೇದೋಜೀರಕ ಗ್ರಂಥಿ ಎರಡರ ಕೆಲಸವೂ ಅದರದ್ದೇ. ಕೊಬ್ಬು ಕೂಡಿಡುವುದು ಅಲ್ಲಿ, ವಿಷ ಒಡೆಯುವುದೂ ಅಲ್ಲಿ. ಅಲ್ಲಿ ಕಾರ್ಬಾಕ್ಸಿಲ್‌ಎಸ್ಟರೇಸ್ ಅನ್ನುವ ಇನ್ನೊಂದು ಕಿಣ್ವ ಇದೆ. ಅದರ ಎರಡು ಕೆಲಸ ನೆನಪಿಡಿ. ಆರ್ಗನೊಫಾಸ್ಫೇಟ್ ಬಂದರೆ ಇದೇ ಮೊದಲು ಅದಕ್ಕೆ ಅಂಟಿಕೊಂಡು ತಾನು ಹಾಳಾಗುತ್ತದೆ, ನರದ ಕಿಣ್ವವನ್ನು ಸ್ವಲ್ಪ ಕಾಪಾಡುತ್ತದೆ. ಪೈರೆಥ್ರಾಯ್ಡ್ ಬಂದರೆ ಅದನ್ನು ಕತ್ತರಿಸಿ ಹಾಕುತ್ತದೆ. ಈಗ ಎರಡನ್ನೂ ಒಂದೇ ಬಾಟಲಿಯಲ್ಲಿ ಕೊಟ್ಟರೆ? ಕ್ಲೋರ್‌ಪೈರಿಫಾಸ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸೈಪರ್‌ಮೆಥ್ರಿನ್ ಅನ್ನು ಕತ್ತರಿಸಲು ಕಿಣ್ವ ಸಾಲುವುದಿಲ್ಲ. ಹುಳು ಬೇಗ ಸಾಯುವುದಕ್ಕೂ ಇದೊಂದು ಕಾರಣ. ಏಡಿ ಮೈಯಲ್ಲೂ ಇದೇ ಕಿಣ್ವ ಇದೆ.

ಸ್ಪೇನ್‌ನ ದೊನ್ಯಾನಾ ರಾಷ್ಟ್ರೀಯ ಉದ್ಯಾನದ ಸುತ್ತ ದೊಡ್ಡ ಭತ್ತದ ಬಯಲಿದೆ. 1970ರ ದಶಕದಲ್ಲಿ ಅಲ್ಲಿಗೆ ಲೂಸಿಯಾನಾದ ಕೆಂಪು ಕ್ರೇಫಿಶ್ ತಂದು ಬಿಟ್ಟಿದ್ದರು. ಕಾರ್ಡೋಬಾ ವಿಶ್ವವಿದ್ಯಾಲಯದವರು ಬೇರೆ ಬೇರೆ ಜಾಗದ ಕ್ರೇಫಿಶ್ ಹಿಡಿದು ಈ ಎಸ್ಟರೇಸ್‌ಗಳನ್ನು ಅಳೆದರು. 2007ರಲ್ಲಿ ಅದು ಪ್ರಕಟವಾಯಿತು. ಉದ್ಯಾನದ ಸ್ವಚ್ಛ ಜಾಗದ ಕ್ರೇಫಿಶ್‌ಗೆ ಹೋಲಿಸಿದರೆ ಗದ್ದೆ ನೀರಿನ ಪ್ರಭಾವ ಇರುವ ಕಡೆ ಕಿಣ್ವದ ಕೆಲಸ ತಗ್ಗಿತ್ತು. ಆ ಕ್ರೇಫಿಶ್‌ಗಳು ಸತ್ತಿರಲಿಲ್ಲ, ಓಡಾಡಿಕೊಂಡಿದ್ದವು.

ಇನ್ನು ಬೆಂಕಿ ರೋಗದ ಔಷಧಿ. ಪ್ರೊಪಿಕೊನಜೋಲ್‌ನಂಥ ಅಜೋಲ್ ಶಿಲೀಂಧ್ರನಾಶಕಗಳು ಸೈಟೋಕ್ರೋಮ್ ಪಿ450 ಅನ್ನುವ ಕಿಣ್ವಗಳನ್ನು ತಡೆಯುತ್ತವೆ. ಪೈರೆಥ್ರಾಯ್ಡ್ ಒಡೆಯುವುದರಲ್ಲಿ ಇವಕ್ಕೂ ಪಾಲಿದೆ. ಜೇನುನೊಣದಲ್ಲಿ, ನೀರಿನ ಚಿಗಟ ಡಾಫ್ನಿಯಾದಲ್ಲಿ, ಅಜೋಲ್ ಜೊತೆ ಸೇರಿದಾಗ ಪೈರೆಥ್ರಾಯ್ಡ್ ವಿಷ ಏರುವುದು ಕಂಡಿದೆ. ಆದರೆ ಕ್ಲೋರ್‌ಪೈರಿಫಾಸ್ ವಿಷಯದಲ್ಲಿ ಇದು ತಿರುಗಿ ಕೂತಿದೆ. ಕ್ಲೋರ್‌ಪೈರಿಫಾಸ್ ತಾನೇ ಅಷ್ಟು ಜೋರಿನದ್ದಲ್ಲ. ಪಿ450 ಅದನ್ನು ಆಕ್ಸಾನ್ ರೂಪಕ್ಕೆ ತಂದಾಗಲೇ ಅದು ನರದ ಕಿಣ್ವವನ್ನು ಹಿಡಿಯುವುದು. ಪಿ450 ತಡೆದರೆ ಆ ವಿಷ ಸ್ವಲ್ಪ ತಡವಾಗಿ ಬರಬಹುದು. ಆದ್ದರಿಂದ "ಬೆರೆಸಿದರೆ ಯಾವಾಗಲೂ ದುಪ್ಪಟ್ಟು" ಅನ್ನುವ ಸರಳ ಮಾತನ್ನು ನಾನು ಹೇಳುವುದಿಲ್ಲ. ಬೆರೆಸಿದಾಗ ಏನಾಗುತ್ತದೆ ಅನ್ನುವುದು ಬಾಟಲಿಯ ಲೇಬಲ್‌ನಲ್ಲಿ ಇರುವುದಿಲ್ಲ. ಅದನ್ನು ಹೇಳುತ್ತೇನೆ.

ಇನ್ನೊಂದು ಮಾತು. ವಿಷ ಒಡೆಯುವ ಗಲಾಟೆಯಲ್ಲಿ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಅವನ್ನು ಸುಮ್ಮನಾಗಿಸಲು ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಥಯೋನ್ ಸಂಬಂಧದ ಕಿಣ್ವಗಳಿವೆ. ಮೊದಲು ಇವೆಲ್ಲ ಏರುತ್ತವೆ, ಕಾಟ ಮುಂದುವರಿದರೆ ಸೋತು ಇಳಿಯುತ್ತವೆ. ಹಾಗಾಗಿ ಒಂದೇ ದಿನ ಅಳೆದು "ಕಿಣ್ವ ಮಾಮೂಲಿಯಾಗಿದೆ" ಅಂದರೆ ನಂಬಬೇಡಿ, ಅದು ಏರಿ ಇಳಿಯುವ ದಾರಿಯಲ್ಲಿ ಇರಬಹುದು. ಜೆಕ್ ದೇಶದ ದಕ್ಷಿಣ ಬೊಹೀಮಿಯಾ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಅವರು ಬಳಸುವುದು ಗೆರೆ ಗೆರೆಯ ಮಾರ್ಬಲ್ ಕ್ರೇಫಿಶ್. ಅದರಲ್ಲಿ ಎಲ್ಲವೂ ಹೆಣ್ಣು, ಗಂಡಿಲ್ಲದೆ ಮರಿ ಹಾಕುತ್ತವೆ, ಮರಿಗಳೆಲ್ಲ ಒಂದೇ ಅಚ್ಚು. ವಂಶದ ವ್ಯತ್ಯಾಸದ ಗೊಂದಲ ಇಲ್ಲ. ಹೊಳೆಗಳಲ್ಲಿ ಸಿಗುವಷ್ಟೇ ಪ್ರಮಾಣದ ಕಳೆನಾಶಕದಲ್ಲಿ ಮರಿಗಳನ್ನು ವಾರಗಟ್ಟಲೆ ಬೆಳೆಸಿದಾಗ ಈ ಕಿಣ್ವಗಳು ಬದಲಾದವು, ಬೆಳವಣಿಗೆ ಹಿಂದೆ ಬಿತ್ತು. ಹುಳುವಿಗಲ್ಲ, ಕಳೆಗೆ ಮಾಡಿದ ಔಷಧಿ ಅದು!

ತೋಟದ ಹಳ್ಳ:
ಎಲ್ಲರೂ ಗದ್ದೆ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ಕಡೆ ಗದ್ದೆಗಿಂತ ತೋಟ ಜಾಸ್ತಿ. ಮಳೆಗಾಲಕ್ಕೆ ಮೊದಲು ಒಂದು ಸಲ, ನಡುವೆ ಇನ್ನೊಂದು ಸಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದು ಮೈಲುತುತ್ತ, ಸುಣ್ಣ ಅಷ್ಟೇ. ಸಾವಯವದವರೂ ಒಪ್ಪುತ್ತಾರೆ. ಅದರಿಂದ ಹಳ್ಳದ ಏಡಿಗೆ ತೊಂದರೆ ಇಲ್ಲ ಅಂದುಕೊಂಡಿದ್ದೇವೆ. ಸರೀನಾ?

ಹಳ್ಳದಂಚು:
100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ. ಮೈಲುತುತ್ತದಲ್ಲಿ ತಾಮ್ರ ಕಾಲು ಪಾಲು. ಅಂದರೆ 100 ಲೀಟರಿನಲ್ಲಿ 250 ಗ್ರಾಂ ತಾಮ್ರ. ಸುಣ್ಣ ಸೇರಿದ್ದರಿಂದ ಅದು ತಕ್ಷಣ ಕರಗುವುದಿಲ್ಲ, ನಿಧಾನಕ್ಕೆ ಬಿಡುತ್ತದೆ. ಕೊಳೆ ತಡೆಯುವುದು ಹಾಗೆಯೇ. ಆದರೆ ತಾಮ್ರ ಒಡೆದು ಹೋಗುವ ವಸ್ತುವಲ್ಲ. ತೋಟದ ಮಣ್ಣಲ್ಲಿ ವರ್ಷ ವರ್ಷ ಕೂಡಿಕೊಳ್ಳುತ್ತದೆ. ಜೋರು ಮಳೆಗೆ ಮಣ್ಣಿನ ಜೊತೆ ಹಳ್ಳಕ್ಕೆ ಇಳಿಯುತ್ತದೆ.

ಏಡಿಗೆ ತಾಮ್ರ ಬೇಕು. ಅದರ ರಕ್ತದಲ್ಲಿ ಉಸಿರು ಸಾಗಿಸುವ ಹಿಮೊಸಯನಿನ್‌ನಲ್ಲಿ ಇರುವುದು ತಾಮ್ರವೇ, ರಕ್ತ ನೀಲಿ ಕಾಣುವುದು ಅದರಿಂದ. ಹೆಚ್ಚಾದ ತಾಮ್ರವನ್ನು ಕಟ್ಟಿಡಲು ಮೆಟಲೊಥಯೋನಿನ್ ಅನ್ನುವ ಪ್ರೋಟೀನೂ ಇದೆ. ತೊಂದರೆ ಆಗುವುದು ಕಿವಿರಿನಲ್ಲಿ. ಸಿಹಿನೀರಲ್ಲಿ ಬದುಕುವ ಏಡಿ ಹಗಲೂ ರಾತ್ರಿ ನೀರಿನಿಂದ ಉಪ್ಪು ಎಳೆದುಕೊಳ್ಳುತ್ತಲೇ ಇರಬೇಕು. ಆ ಕೆಲಸ ಮಾಡುವ ಸೋಡಿಯಂ ಪೊಟ್ಯಾಸಿಯಂ ಎಟಿಪೇಸ್ ಅನ್ನು ತಾಮ್ರ ತಡೆಯುತ್ತದೆ. ರಕ್ತದ ಉಪ್ಪು ಇಳಿಯುತ್ತದೆ. ನಮ್ಮ ಮಲೆನಾಡಿನ ಹಳ್ಳದ ನೀರು ಬಹಳ ಮೆದು, ಸುಣ್ಣದ ಅಂಶ ಕಡಿಮೆ. ಗಡಸು ನೀರಲ್ಲಿ ಕ್ಯಾಲ್ಸಿಯಂ ತಾಮ್ರಕ್ಕೆ ಅಡ್ಡ ನಿಲ್ಲುತ್ತದೆ, ಮೆದು ನೀರಲ್ಲಿ ಆ ರಕ್ಷಣೆ ಇಲ್ಲ. ಬಯಲುಸೀಮೆ ಕೆರೆಯಲ್ಲಿ ಏನೂ ಮಾಡದ ತಾಮ್ರ ನಮ್ಮ ಹಳ್ಳದಲ್ಲಿ ಕಾಟ ಕೊಡಬಲ್ಲದು.

ಬೋರ್ಡೋ ಬಿಡಿ ಅಂತ ನಾನು ಹೇಳಲಾರೆ. ಕೊಳೆ ಬಂದರೆ ಮನೆ ನಡೆಯುವುದಿಲ್ಲ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ, ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ. ಇದು ಖರ್ಚಿಲ್ಲದೆ ಮಾಡಬಹುದಾದ ಕೆಲಸ, ಮಾಡದೇ ಇರುವುದೂ ಇದನ್ನೇ.

ಕುಂದಾಪುರದ ಅಕ್ಕ:
ಮಳೆ ಹಿಡಿದ ಮೇಲೆ ಗದ್ದೆ ಏಡಿ ಸಾರು ನಮ್ಮ ಮನೆಯಲ್ಲಿ ಆಗಲೇಬೇಕು. ಇದೆಲ್ಲ ಓದಿ ಭಯ ಆಗ್ತಿದೆ. ಹಂದಿಗೋಡು ಕಾಯಿಲೆ ಬಂದಿದ್ದು ಔಷಧಿ ಹೊಡೆದ ಗದ್ದೆಯ ಏಡಿ ತಿಂದು ಅಂತ ಸಣ್ಣವಳಿದ್ದಾಗಿಂದ ಕೇಳಿದ್ದೇನೆ. ನಿಜವಾ?

ಸಾಗರದ ಡಾಕ್ಟ್ರು:
ಅಕ್ಕ, ಈ ಮಾತು ಇನ್ನೂ ಓಡಾಡುತ್ತಿದೆ, ಹಾಗಾಗಿ ಸ್ಪಷ್ಟವಾಗಿ ಬರೆಯುತ್ತೇನೆ. 1970ರ ದಶಕದ ನಡುವೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಕೀಲುಗಳು ಸವೆದು ನಡೆಯಲಾಗದ ಜನ ಗಮನಕ್ಕೆ ಬಂದರು. ಹೆಚ್ಚಿನವರು ಬಡ ಕೂಲಿಕಾರರು, ದಲಿತ ಕುಟುಂಬಗಳು. ಗದ್ದೆ ಏಡಿ, ಮೀನು ಅವರ ಊಟದ ಭಾಗ. ಅದೇ ಕಾಲಕ್ಕೆ ಭತ್ತಕ್ಕೆ ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಔಷಧಿ ಬಂದಿತ್ತು. ಎರಡನ್ನೂ ಜೋಡಿಸಿದ್ದು ಸಹಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಆಮೇಲೆ ಕುಟುಂಬಗಳ ವಂಶಾವಳಿ, ಎಕ್ಸ್‌ರೇ ಎಲ್ಲ ನೋಡಿದಾಗ ಇದು ವಂಶದಲ್ಲಿ ಬರುವ ಎಲುಬು, ಕೀಲಿನ ಬೆಳವಣಿಗೆಯ ದೋಷ ಅಂತ ತಿಳಿಯಿತು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಏಡಿ ತಿಂದವರಿಗೆಲ್ಲ ಬರುವ ಕಾಯಿಲೆ ಅಲ್ಲ, ಅಂಟುವುದೂ ಅಲ್ಲ. ಆ ಕುಟುಂಬಗಳು ಈ ತಪ್ಪು ಮಾತಿನಿಂದ ತುಂಬ ನೊಂದಿವೆ. ದಯವಿಟ್ಟು ಯಾರೂ ಅದನ್ನು ಇಲ್ಲಿ ಮತ್ತೆ ಹಬ್ಬಿಸಬೇಡಿ.

ಊಟದ ವಿಷಯ ಬೇರೆ. ಔಷಧಿ ಹೊಡೆದ ಗದ್ದೆಯ, ಅದರ ನೀರು ಇಳಿಯುವ ತೋಡಿನ ಏಡಿ ಬೇಡ. ಮೇಲಿನ ಹಳ್ಳದ್ದು ಸಿಕ್ಕರೆ ಅದು ವಾಸಿ. ಒಳಗಿನ ಹಳದಿ ಭಾಗ ತೆಗೆದುಬಿಡಿ, ಕೊಬ್ಬಿನಲ್ಲಿ ಕರಗುವ ವಿಷ ಕೂಡುವುದು ಅಲ್ಲಿ. ಮಂಕಾಗಿ ಕೂತ ಏಡಿಯನ್ನು ಸುಲಭಕ್ಕೆ ಸಿಕ್ಕಿತು ಅಂತ ಹಿಡಿಯಬೇಡಿ.

ಕುಂದಾಪುರದ ಅಕ್ಕ:
ತುಂಬ ಉಪಕಾರ ಆಯಿತು ಡಾಕ್ಟ್ರೇ. ಹಳದಿಯೇ ರುಚಿ ಅಂತ ಮಕ್ಕಳಿಗೆ ಕೊಡುತ್ತಿದ್ದೆವು. ಇನ್ನು ಕೊಡುವುದಿಲ್ಲ.

ಅಂಗಡಿಮನೆ:
ಲೆಕ್ಕ ನೋಡಿದೆ. ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯಿತು. ಸಾಯದೆ ಉಳಿದ ಏಡಿ ಒಂದು ತಿಂಗಳಲ್ಲಿ ಸುಧಾರಿಸಿಕೊಂಡರೆ ಸಂಖ್ಯೆ ಯಾಕೆ ಇಳಿಯಬೇಕು?

ಹಳ್ಳದಂಚು:
ಮುಖ್ಯವಾದ ಪ್ರಶ್ನೆ ಇದೇ ಅಣ್ಣ. ನನಗೆ ಮೂರು ದಾರಿ ಕಾಣುತ್ತವೆ.

ಒಂದು, ಪೊರೆ ಕಳಚುವುದು. ಚಿಪ್ಪು ಬಿಚ್ಚಿ ಹೊಸದು ಗಟ್ಟಿಯಾಗುವ ತನಕ ಏಡಿ ಮೆತ್ತಗೆ ಇರುತ್ತದೆ, ನೀರು ಜಾಸ್ತಿ ಹೀರುತ್ತದೆ. ಆಗ ಬಿದ್ದ ವಿಷ ಹೆಚ್ಚು ತಾಗುತ್ತದೆ. ಜಿಗಿಹುಳುವಿಗೆ ಕೊಡುವ ಬುಪ್ರೊಫೆಜಿನ್ ಕೈಟಿನ್ ತಯಾರಾಗುವುದನ್ನೇ ತಡೆಯುವ ಔಷಧಿ. ಏಡಿಯ ಚಿಪ್ಪೂ ಕೈಟಿನ್‌ನದ್ದೇ. ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದಲ್ಲಿ ಫಿಡ್ಲರ್ ಏಡಿಯ ಮೇಲೆ ಕೆಲಸ ಮಾಡಿ, ಹಳೆ ಚಿಪ್ಪು ಸಡಿಲಿಸುವ ಕೈಟೊಬಯೇಸ್ ಕಿಣ್ವವನ್ನು ಎಂಡೋಸಲ್ಫಾನ್ ತಗ್ಗಿಸುತ್ತದೆ ಅಂತ 1999ರಲ್ಲಿ ತೋರಿಸಿದರು. ಎಂಡೋಸಲ್ಫಾನ್ ಅಂದರೆ ಕೊಕ್ಕಡ, ಕಾಸರಗೋಡು ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಎರಡು, ವಾಸನೆ. ಓಹಿಯೋದಲ್ಲಿ ಮೆಟೊಲಾಕ್ಲೋರ್ ಅನ್ನುವ ಕಳೆನಾಶಕದ ಸಣ್ಣ ಪ್ರಮಾಣದಲ್ಲಿ ಇಟ್ಟ ಕ್ರೇಫಿಶ್‌ಗಳಿಗೆ ಮೇವಿನ ವಾಸನೆ ಹಿಡಿದು ಹೋಗುವುದು ಕಷ್ಟವಾಯಿತು. ಅಪಾಯದ ವಾಸನೆಗೂ ಸರಿಯಾಗಿ ಪ್ರತಿಕ್ರಿಯೆ ಕೊಡಲಿಲ್ಲ. ನಮ್ಮಲ್ಲಿ ಅಂಥ ಏಡಿ ಕೊಕ್ಕರೆಗೆ ಸುಲಭ ತುತ್ತು. ಅದಕ್ಕೇ ಸತ್ತ ಏಡಿ ನಿಮಗೆ ಕಾಣುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಲಾರ್ವಾ ಅಲೆಯಲ್ಲಿ ಎಲ್ಲೆಲ್ಲೋ ಹೋಗುತ್ತದೆ. ನಮ್ಮ ಸಿಹಿನೀರಿನ ಏಡಿ ಹಾಗಲ್ಲ. ಮೊಟ್ಟೆ ಕಡಿಮೆ, ದೊಡ್ಡವು. ತಾಯಿ ಹೊಟ್ಟೆಯ ಅಡಿಯಲ್ಲೇ ಮರಿ ಒಡೆದು, ಪುಟ್ಟ ಏಡಿಯಾಗಿಯೇ ಇಳಿಯುತ್ತವೆ. ಬೇರೆ ಕಡೆಯಿಂದ ಲಾರ್ವಾ ತೇಲಿ ಬಂದು ಖಾಲಿ ಗದ್ದೆ ತುಂಬುವುದಿಲ್ಲ. ಮೊಟ್ಟೆಗೆ ಬೇಕಾದ ಕೊಬ್ಬು ಬರುವುದು ಆ ಹಳದಿ ಭಾಗದಿಂದ. ಅದು ಖಾಲಿಯಾಗಿದ್ದರೆ ಮೊಟ್ಟೆಯೇ ಕಡಿಮೆ. ಬೇಸಿಗೆಯಲ್ಲಿ ಬಿಲದೊಳಗೆ ಇದ್ದ ಏಡಿ ಮೊದಲ ಮಳೆಗೆ, ಹತ್ತುಮೀನು ಏರುವ ಹೊತ್ತಿಗೆ ಹೊರಬರುತ್ತದೆ. ಆಮೇಲೆ ಮರಿಗಳ ಕಾಲ. ನಾವು ನಾಟಿ ಮಾಡಿ ಮೊದಲ ಔಷಧಿ ಹೊಡೆಯುವುದೂ ಆಗಲೇ.

ಅಂಗಡಿಮನೆ:
ಹಾಗಾದರೆ ಮೊದಲ ಔಷಧಿಯನ್ನೇ ಬಿಟ್ಟರೆ? ನಾಟಿಯಾದ ಮೊದಲ 30 ದಿನ ಎಲೆ ಸುರುಳಿ ಹುಳುವಿಗೆ ಹೊಡೆಯಬೇಡಿ, ಭತ್ತ ಹೊಸ ಎಲೆ ಬಿಟ್ಟು ತುಂಬಿಕೊಳ್ಳುತ್ತದೆ ಅಂತ ನಮಗೂ ಹೇಳಿಕೊಟ್ಟಿದ್ದರು. ವಿಯೆಟ್ನಾಂನ ಮೆಕಾಂಗ್ ಬಯಲಲ್ಲಿ 1990ರ ದಶಕದಲ್ಲಿ "ಬಿತ್ತಿದ ಮೊದಲ 40 ದಿನ ಔಷಧಿ ಬೇಡ" ಅಂತ ರೈತರಿಗೆ ಪ್ರಚಾರ ಮಾಡಿ, ಸಿಂಪಡಣೆ ತುಂಬ ಇಳಿಯಿತು. ಇಳುವರಿಗೆ ಪೆಟ್ಟು ಬೀಳಲಿಲ್ಲ. ಗಿರಾಕಿಗಳು ಕೇಳಿದ್ದನ್ನು ಕೊಡುವುದು ಸುಲಭ, ಇದನ್ನು ಹೇಳಿ ಒಪ್ಪಿಸುವುದು ಕಷ್ಟ. ಆದರೂ ಈ ಮಳೆಗಾಲ ಹೇಳಿ ನೋಡುತ್ತೇನೆ. ಕಾಂಡಕೊರಕ ನಿಜವಾಗಿ ಜಾಸ್ತಿ ಆದರೆ ಆ ಮಾತು ಬೇರೆ.

ತೋಟದ ಹಳ್ಳ:
ಔಷಧಿ ಹೊಡೆದ ಮೇಲೆ ಅಂಚಿನ ಕಂಡಿ ಕಟ್ಟಿ ನೀರು ಹಿಡಿದಿಟ್ಟರೆ ಹಳ್ಳಕ್ಕೆ ಹೋಗುವುದಿಲ್ಲ ಅಲ್ವಾ?

ಹಳ್ಳದಂಚು:
ಹೌದು, ಹಳ್ಳಕ್ಕೆ ಒಳ್ಳೆಯದು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯ ಭತ್ತದ ಗದ್ದೆಗಳಲ್ಲಿ 1980ರ ದಶಕದಿಂದ ಇದು ಕಡ್ಡಾಯ. ಔಷಧಿ ಹಾಕಿದ ಮೇಲೆ ಇಂತಿಷ್ಟು ದಿನ ನೀರು ಹೊರಬಿಡಬಾರದು ಅಂತ ನಿಯಮವಿದೆ. ಆದರೆ ನಮ್ಮ ಗದ್ದೆ ಸೋಪಾನದ್ದು. ಮೇಲಿನ ಗದ್ದೆಯ ನೀರೇ ಕೆಳಗಿನದಕ್ಕೆ ಇಳಿಯುವುದು. ಜುಲೈ ಮಳೆಯಲ್ಲಿ ಕಂಡಿ ಕಟ್ಟಿದರೆ ಅಂಚೇ ಕೊಚ್ಚಿ ಹೋಗುತ್ತದೆ. ಮಳೆ ಬಿಟ್ಟ ದಿನ ನೋಡಿ ಹೊಡೆದು, ಆದಷ್ಟು ದಿನ ಹಿಡಿದಿಡಬೇಕು. ಹಿಡಿದಿಟ್ಟ ಗದ್ದೆಯೊಳಗಿನ ಏಡಿಗೆ ಅದರಿಂದ ಪ್ರಯೋಜನ ಇಲ್ಲ, ಅದೂ ಗೊತ್ತಿರಲಿ. ಅದಕ್ಕೇ ಮೊದಲ ಸಿಂಪಡಣೆ ಬಿಡುವುದೇ ಉತ್ತಮ ಅಂತ ನನಗೂ ಅನ್ನಿಸುತ್ತದೆ.

ಅಗೆಮಡಿ:
ಈ ಸಲ ಎರಡು ಗದ್ದೆಯಲ್ಲಿ ಮೊದಲ ಔಷಧಿ ಬಿಡುತ್ತೇನೆ, ಉಳಿದವಕ್ಕೆ ಮಾಮೂಲಿ. ಏಡಿ ಸ್ಥಿತಿ ಹೇಗಿದೆ ಅಂತ ಅಳೆಯುವುದು ನಮ್ಮಂಥವರಿಗೆ ಸಾಧ್ಯವಾ?

ಹಳ್ಳದಂಚು:
ಸಾಧ್ಯ. ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಸ್ಪೆಕ್ಟ್ರೊಫೋಟೊಮೀಟರ್, ಅಂದರೆ ದ್ರಾವಣದ ಬಣ್ಣ ಅಳೆಯುವ ಯಂತ್ರ, ಇದ್ದರೆ ಸಾಕು. ನರದ ಕಿಣ್ವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅಳೆಯಲು ಎಲ್ಮನ್ ಅನ್ನುವವರು 1961ರಲ್ಲಿ ಕೊಟ್ಟ ವಿಧಾನ ಇಂದಿಗೂ ನಡೆಯುತ್ತದೆ. ಕಿಣ್ವ ಕೆಲಸ ಮಾಡಿದಷ್ಟೂ ದ್ರಾವಣ ಹಳದಿಯಾಗುತ್ತದೆ, ಅದನ್ನು 412 ನ್ಯಾನೊಮೀಟರ್‌ನಲ್ಲಿ ಓದುವುದು. ಮೂರು ಜಾಗದ ಏಡಿ ಬೇಕು: ತೋಟ, ಗದ್ದೆ ಎರಡಕ್ಕೂ ಮೇಲಿನ ಹಳ್ಳದ್ದು, ಔಷಧಿ ಬಿಟ್ಟ ಗದ್ದೆಯದ್ದು, ಹೊಡೆದ ಗದ್ದೆಯದ್ದು. ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಗಾತ್ರ ಇರಲಿ. ಮೆತ್ತಗಿನ ಚಿಪ್ಪಿನದ್ದು, ಹೊಟ್ಟೆಯಲ್ಲಿ ಮರಿ ಇರುವುದು ಬೇಡ, ಹಾಗೇ ಬಿಟ್ಟುಬಿಡಿ. ಹೊಡೆಯುವ ಮೊದಲು ಒಂದು ಸಲ, ಹೊಡೆದ ಮೇಲೆ ಕೆಲವು ದಿನ ಬಿಟ್ಟು ಬಿಟ್ಟು ಹಿಡಿಯಿರಿ. ಐಸ್ ಡಬ್ಬಿಯಲ್ಲಿ ತರಬೇಕು, ಬಿಸಿಯಾದರೆ ಕಿಣ್ವ ಹಾಳು. ಬಾಟಲಿಯ ಹೆಸರು, ಪ್ರಮಾಣ, ಮಳೆ ಯಾವಾಗ ಬಂತು ಎಲ್ಲ ಬರೆದಿಡಿ. ಬರೀ ಪೈರೆಥ್ರಾಯ್ಡ್ ಹೊಡೆದ ಗದ್ದೆಯಲ್ಲಿ ಈ ಪರೀಕ್ಷೆ ಏನೂ ತೋರಿಸುವುದಿಲ್ಲ. ಅದಕ್ಕೆ ಗ್ಲೈಕೋಜನ್, ಕ್ಯಾಟಲೇಸ್ ನೋಡಬೇಕು. ಅದನ್ನು ನಮ್ಮ ಪ್ರಯೋಗಾಲಯದಲ್ಲಿ ನಾನು ಮಾಡಿಕೊಡುತ್ತೇನೆ.

ಅಂಗಡಿಮನೆ:
ಆ ಭಾಗದಲ್ಲಿ ಯಾವ ವಾರ ಯಾವ ಔಷಧಿ ಎಷ್ಟು ಹೋಯಿತು ಅನ್ನುವುದು ನನ್ನ ಬಿಲ್ ಪುಸ್ತಕದಲ್ಲಿ ಇರುತ್ತದೆ. ಹೆಸರು ತೆಗೆದು ಪಟ್ಟಿ ಮಾಡಿ ಕೊಡುತ್ತೇನೆ.

ಅಗೆಮಡಿ:
ಸರಿ. ನಾಟಿ ಮುಗಿದ ಕೂಡಲೇ ಮೊದಲ ಏಡಿಗಳನ್ನು ಹಿಡಿದು ಇಲ್ಲೇ ತಿಳಿಸುತ್ತೇನೆ.